ಚಪ್ಪಲಿಯಿಲ್ಲದ ಹೊತ್ತು

“ಹಾಗಾದರೆ ದೀಪ ಹಚ್ಚೋ ಹೊತ್ತಿಗೆ ಇವರೆಲ್ಲ ಎಲ್ಲಿಗೆ ಹೋಗ್ತಾರೆ?”

ಯಾರನ್ನೂ ಕೇಳಿದ್ದಲ್ಲ. ತಾರಸಿಯ ಮೇಲಿನ ಶೀಟಿನ ಕೋಣೆಯಲ್ಲಿ ಚಿರಂಜೀವಿ ಒಬ್ಬನೇ ಕೂತಿದ್ದ. ಎದುರಿಗೆ ಲ್ಯಾಪ್‌ಟಾಪು, ಪಕ್ಕದಲ್ಲಿ ಅಮ್ಮ ಯಾವಾಗಲೋ ಇಟ್ಟುಹೋದ ಕಾಫಿಯ ಲೋಟ, ಅದರ ಮೇಲೆ ಸುಕ್ಕುಗಟ್ಟಿದ ಕೆನೆ. ಮಾತು ಬಾಯಿಂದ ಬಿದ್ದಮೇಲೆ ತನ್ನ ದನಿಯನ್ನು ತಾನೇ ಕೇಳಿಸಿಕೊಂಡು ಅವನಿಗೆ ಕಸಿವಿಸಿಯಾಯಿತು. ಒಬ್ಬೊಬ್ಬಳೇ ಮಾತಾಡುವ ಅಭ್ಯಾಸ ಅವನ ಅಜ್ಜಿಗಿತ್ತು, ಮೊಮ್ಮಕ್ಕಳೆಲ್ಲ ಅದನ್ನು ಆಡಿಕೊಂಡು ನಗುತ್ತಿದ್ದರು. ಪರದೆಯ ಮೇಲೆ ಎರಡು ಗೆರೆಗಳಿದ್ದವು. ಕೆಳಗಿನ ಕೋಣೆಗಳಲ್ಲಿ ಎಷ್ಟು ಜನ ಇದ್ದಾರೆ ಎನ್ನುವುದಕ್ಕೆ ನೀಲಿಯದು ಯಂತ್ರದ ಊಹೆ, ಕಪ್ಪಿನದು ನಿಜ. ಬೆಳಿಗ್ಗೆಯಿಂದ ಎರಡೂ ಜೊತೆಯಾಗಿ ಏರುತ್ತವೆ, ಇಳಿಯುತ್ತವೆ, ಒಂದೆರಡು ಕಡೆ ಮುನಿಸಿಕೊಂಡವರ ಹಾಗೆ ಬೇರೆಯಾಗಿ ಮತ್ತೆ ಬಂದು ಸೇರುತ್ತವೆ. ಸಂಜೆ ಕತ್ತಲಾಗುತ್ತಿದ್ದ ಹಾಗೆ ಎರಡೂ ಒಟ್ಟಿಗೆ ನೆಲಕ್ಕೆ ಬಿದ್ದು ಒಂದು ತಾಸು ಅಲ್ಲೇ ಮಲಗಿಬಿಡುತ್ತವೆ. ನಿನ್ನೆಯೂ ಹಾಗೆ, ಮೊನ್ನೆಯೂ ಹಾಗೆ, ಭಾನುವಾರವೂ ಹಾಗೆಯೇ. ಕೆಳಗಿನ ವಠಾರದಲ್ಲಿ ಆ ಹೊತ್ತಿಗೆ ಒಂದು ನರಪಿಳ್ಳೆಯೂ ಇರುವುದಿಲ್ಲ ಎಂದು ಅದರ ಅರ್ಥ. ಪ್ರಬಂಧದಲ್ಲಿ ಅವನು ಇದಕ್ಕೆ ‘ಸಂಜೆಯ ಪೇಟೆ ಓಡಾಟ’ ಎಂದು ಒಂದು ಸಾಲು ಬರೆದು ಮುಗಿಸಿದ್ದ. ಬರೆಯುವಾಗ ಕೈ ತಡೆದಿರಲಿಲ್ಲ. ನಾಡಿದ್ದು ಕೆಲಸ ನೋಡಲು ಬರಲಿರುವ ಪರಿಶೀಲಕರಲ್ಲಿ ಒಬ್ಬರು ಈಗ ಅವನ ಗೈಡು ಸುಮಂಗಲಾ ಮೇಡಂ ಮೂಲಕ ಬಹಳ ಸೌಮ್ಯವಾಗಿ ಕೇಳಿದ್ದರು: ಮಿಕ್ಕೆಲ್ಲ ಚೆನ್ನಾಗಿದೆ, ಆದರೆ ಇಡೀ ವಠಾರ ದಿನವೂ ಒಂದೇ ಹೊತ್ತಿಗೆ ಎದ್ದು ಹೋಗುವ ಆ ಪೇಟೆ ಯಾವುದು? ಮಾದನಾಯಕನಹಳ್ಳಿಯಲ್ಲೇ ಹುಟ್ಟಿ ಬೆಳೆದವನಿಗೆ ಅಂಥ ಪೇಟೆ ಒಂದೂ ನೆನಪಿಗೆ ಬರಲಿಲ್ಲ.

ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಅವರು ಕಟ್ಟುತ್ತಿದ್ದದ್ದು ಮುಂದಿನ ಪೀಳಿಗೆಯ ನಿಸ್ತಂತು ಜಾಲ. ಮಾತನ್ನು ಹೊತ್ತೊಯ್ಯುವ ಜೊತೆಗೆ ತಾನು ಹೋಗುವ ದಾರಿಯಲ್ಲಿ ಯಾರಿದ್ದಾರೆ ಎಂದೂ ತಿಳಿದುಕೊಳ್ಳುವ ಜಾಲ. ಅಲೆ ಗೋಡೆ ದಾಟಿ ಬರುವಾಗ ನಡುವೆ ಸಿಕ್ಕ ಮೈಗಳನ್ನು ಸವರಿಕೊಂಡು ಬರುತ್ತದೆ. ಯಾರೋ ಎದ್ದರೆ, ಕೂತರೆ, ಮಗುವನ್ನು ಎತ್ತಿಕೊಂಡರೆ ಅದರ ಬಳುಕು ಬೇರೆಯಾಗುತ್ತದೆ. ಸಾವಿರಾರು ಬಳುಕುಗಳನ್ನು ತೋರಿಸಿ ಇದು ಜನ, ಇದು ಖಾಲಿ ಎಂದು ಯಂತ್ರಕ್ಕೆ ಹೇಳಿಕೊಟ್ಟರೆ ಅದು ತಾನೇ ಕಲಿಯುತ್ತದೆ. ಎಲ್ಲ ಕೋಣೆಗಳೂ ಖಾಲಿ ಎಂದು ಅದಕ್ಕೆ ಖಾತ್ರಿಯಾದರೆ ತಾರಸಿಯ ಆಂಟೆನಾ ನಿದ್ದೆ ಹೋಗುತ್ತದೆ, ಗೋಡೆಗಳಿಗೆ ಹೊಡೆದ ಪುಟ್ಟ ಪೆಟ್ಟಿಗೆಗಳಷ್ಟೇ ಅಲೆಯನ್ನು ಆಲಿಸುತ್ತ ಎಚ್ಚರವಿರುತ್ತವೆ, ಅಷ್ಟು ವಿದ್ಯುತ್ತು ಉಳಿಯುತ್ತದೆ. ಕೇಳಲು ಸುಲಭ. ಕಷ್ಟವಿದ್ದದ್ದು ಹೇಳಿಕೊಡುವುದರಲ್ಲಿ. ಕಲಿಯುವ ಯಂತ್ರಕ್ಕೆ ಯಾರಾದರೂ ನಿಜ ಹೇಳಬೇಕು, ಮತ್ತು ಬಾಡಿಗೆ ಕೋಣೆಯೊಳಗೆ ಕ್ಯಾಮರಾ ಇಡುವ ಹಾಗಿಲ್ಲ. ಆಗ ಚಿರಂಜೀವಿಗೆ ಹೊಳೆದದ್ದು ಚಪ್ಪಲಿ. ಮನೆಯೊಳಗೆ ಯಾರಾದರೂ ಇದ್ದರೆ ಬಾಗಿಲ ಹೊರಗೆ ಚಪ್ಪಲಿ ಇರಲೇಬೇಕಲ್ಲ. ಎದುರು ಗೋಡೆಯ ಬುಡದಲ್ಲಿ, ಕಣಕಾಲಿನ ಎತ್ತರಕ್ಕೆ, ಹೊಸ್ತಿಲಿನ ಹೊರತು ಬೇರೇನೂ ಕಾಣದ ಹಾಗೆ ಪುಟ್ಟ ಕ್ಯಾಮರಾಗಳನ್ನು ಕೂರಿಸಿದ. ಮುಖ ಬೇಡ, ಹೆಸರು ಬೇಡ, ಚಪ್ಪಲಿ ಎಣಿಸಿದರೆ ಸಾಕು. ಹೈದರಾಬಾದಿನ ಸಮ್ಮೇಳನದಲ್ಲಿ ಆ ಚಿತ್ರ ತೋರಿಸಿದಾಗ, ಹವಾಯಿ ಚಪ್ಪಲಿಗಳು, ಹಿಮ್ಮಡಿ ಸವೆದ ಪ್ಲಾಸ್ಟಿಕ್ ಬೂಟುಗಳು, ಮಗುವಿನ ಕೀಚುಕೀಚು ಶೂ, ಸಭೆ ಮೊದಲು ನಕ್ಕಿತ್ತು, ಆಮೇಲೆ ತಾನಾಗಿಯೇ ಚಪ್ಪಾಳೆ ತಟ್ಟಿತ್ತು. ಅವತ್ತು ಬಸ್ಸಿನಲ್ಲಿ ವಾಪಸು ಬರುವಾಗ ಅವನು ನಿದ್ದೆ ಮಾಡಿರಲಿಲ್ಲ. ಕಿಟಕಿಯ ಗಾಜಿನಲ್ಲಿ ತನ್ನ ಮುಖವನ್ನೇ ನೋಡಿಕೊಂಡು ಕೂತಿದ್ದ. ಅದು ನೆನಪಾದಾಗಲೆಲ್ಲ ಈಗಲೂ ಕಿವಿ ಬೆಚ್ಚಗಾಗುತ್ತದೆ.

“ಏನ್ಲಾ, ಒಬ್ಬೊಬ್ಬನೇ ಮಾತಾಡ್ಕಂತಿದ್ದೀಯ. ನಿಮ್ಮಜ್ಜಿ ಏನಾದ್ರೂ ಮೈಮೇಲೆ ಬಂದವ್ಳಾ?” ಮೆಟ್ಟಿಲ ಬಾಯಲ್ಲಿ ಅಮ್ಮ ಭಾಗ್ಯಮ್ಮ ಒಣಗಿದ ಬಟ್ಟೆಗಳನ್ನು ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದಳು.

“ಅಮ್ಮ, ಸಂಜೆ ಹೊತ್ತು ನಮ್ಮ ಬಾಡಿಗೆಯವರೆಲ್ಲ ಎಲ್ಲಿಗೆ ಹೋಗ್ತಾರೆ?”

“ನಂಗೇನ್ಲಾ ಗೊತ್ತು. ಆ ಒತ್ತಿಗೆ ನಾನು ಟಿವಿ ಮುಂದೆ ಇರ್ತೀನಿ. ಗಲಾಟೆ ಮಾಡಾಕಿಲ್ಲ, ನಲ್ಲೀಲಿ ನೀರು ಪೋಲು ಮಾಡಾಕಿಲ್ಲ, ಎಲ್ಲಿಗೋದ್ರೆ ನಿಂಗೇನು?” ಲೋಟದೊಳಗೆ ಇಣುಕಿ ನೋಡಿ, “ಕಾಪಿ ಅಂಗೇ ಐತೆ. ಇದನ್ನ ಕುಡಿಯಾಕೂ ಮಿಷನ್ನೇ ಬರಬೇಕಾ?” ಎಂದಳು.

ಅವನು ನಕ್ಕ. ಅವಳು ಇಳಿದುಹೋದ ಮೇಲೆ ನಗು ಮುಖದಲ್ಲಿ ಅರ್ಧಕ್ಕೇ ನಿಂತಿತು. ಪೆಟ್ಟಿಗೆಗಳನ್ನು ಹಾಕುವಾಗ ವಾಸವಿರುವವರನ್ನು ಕೇಳಬೇಕು ಎಂದು ಮೇಡಂ ಎರಡು ಸಲ ಹೇಳಿದ್ದರು. ಅವನು ಹೋಗಿ ಕೇಳಿದ್ದು ಅಮ್ಮನನ್ನು. “ನಮ್ಮನೆ ಗೋಡೆಗೆ ಮೊಳೆ ಒಡೆಯಾಕೆ ಅವ್ರನ್ನೇನ್ಲಾ ಕೇಳಾದು?” ಎಂದಿದ್ದಳು. ಮನೆಯವರು ಒಪ್ಪಿದ್ದಾರೆ ಎಂದು ಮೇಡಂಗೆ ಹೇಳಿದ. ಸುಳ್ಳಾಗಿರಲಿಲ್ಲ. ಮೊಳೆ ಹೊಡೆಯುವಾಗ ಕೋಣೆಗಳ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹೊರಗೆ ಬಂದು ಸಾಲಾಗಿ ನಿಂತಿದ್ದರು. ಒಬ್ಬಳು ಒಳಗೆ ಓಡಿಹೋಗಿ ಅವನಿಗೆ ಮಣೆ ತಂದುಕೊಟ್ಟಿದ್ದಳು, ಹತ್ತಿ ನಿಲ್ಲುವುದಕ್ಕೆ. ಉಪಕಾರ ಅವರಿಗೇ ಆಗುತ್ತಿದೆ ಎಂದು ಅವನಿಗೆ ಆಗ ಅನಿಸಿತ್ತು, ಅದೂ ಸುಳ್ಳಲ್ಲ. ಸುತ್ತ ಮೂರು ಕಡೆಯೂ ಗೋಡೌನುಗಳು, ತಗಡಿನ ಗೋಡೆ, ತಗಡಿನ ಮಾಡು. ನಡುವೆ ಬಾವಿಯೊಳಗೆ ಇಟ್ಟ ಹಾಗೆ ಅವರ ವಠಾರ. ಮೊದಲೆಲ್ಲ ಫೋನು ಮಾಡಬೇಕೆಂದರೆ ತಾರಸಿಯ ನೀರಿನ ಟ್ಯಾಂಕು ಹತ್ತಬೇಕಿತ್ತು. ಲ್ಯಾಬಿನ ಆಂಟೆನಾ ಬಂದಮೇಲೆ ಕೋಣೆಯೊಳಗೇ ಸಿಗತೊಡಗಿತು.

ಬಿಸಿಲು ತಗಡುಗಳ ಮೇಲಿಂದ ಜಾರಿ, ತುಮಕೂರು ರಸ್ತೆಯ ಲಾರಿಗಳ ಸದ್ದು ದಪ್ಪವಾಗುತ್ತ ಬಂತು. ಇವತ್ತು ಕೆಳಗಿಳಿದು ನೋಡುವುದು ಎಂದುಕೊಂಡ. ಅಂದುಕೊಂಡ ಮೇಲೆ ಆಶ್ಚರ್ಯವಾದದ್ದು, ಇಷ್ಟು ದಿನ ಯಾಕೆ ಇಳಿಯಲಿಲ್ಲ ಎಂದು. ತನ್ನದೇ ಮನೆಯ ಮೆಟ್ಟಿಲು. ಪರದೆಯ ಮೇಲೆ ಗೆರೆ ಬೀಳುವುದನ್ನು ನೋಡುತ್ತ ಕೂತಿದ್ದನೇ ಹೊರತು, ಬೀಳುವ ಹೊತ್ತಿನಲ್ಲಿ ಬಾಗಿಲುಗಳ ಮುಂದೆ ನಡೆದಿರಲಿಲ್ಲ. ಆಂಟೆನಾ ನಿದ್ದೆ ಹೋಗುವ ಆ ಕ್ಷಣ ಅವನಿಗೆ ಇಷ್ಟ. ಮೂಲೆಯಲ್ಲಿರುವ ಹಸಿರು ದೀಪ ಸಣ್ಣಗಾಗುತ್ತ ಆರುವುದನ್ನು, ತೊಟ್ಟಿಲಲ್ಲಿ ಮಗು ಕಣ್ಣು ಮುಚ್ಚುವುದನ್ನು ನೋಡುವ ಹಾಗೆ, ಉಸಿರು ಬಿಗಿಹಿಡಿದು ನೋಡುತ್ತಿದ್ದ.

ನಲ್ಲಿಯ ಹತ್ತಿರ ಸಂಗಣ್ಣ ಕಾಲು ತೊಳೆಯುತ್ತಿದ್ದ. ಗೋಡೌನಿನಲ್ಲಿ ಮೂಟೆ ಹೊರುವವನು, ಬಾಗಲಕೋಟೆ ಕಡೆಯವನು. ಚಿರಂಜೀವಿಯನ್ನು ಕಂಡು ತಂಬಿಗೆ ಕೆಳಗಿಟ್ಟ.

“ಏನ್ರೀ, ಇವತ್ತ ನೀವ ಇಳದು ಬಂದ್ರಿ? ಡಬ್ಬಿಗೆ ಸೂಟಿ ಕೊಟ್ರೇನು?”

“ಸುಮ್ನೆ ಬಂದೆ. ನೀವು ಎಲ್ಲಿಗೆ ಹೊರಟ್ರಿ?”

“ಚಾದ ಅಂಗಡಿಗ್ರಿ. ಈ ಹೊತ್ತಿನ್ಯಾಗ ನಮ್ಮನ್ನ ಯಾರ ಮನ್ಯಾಗ ಇಟಗೋತಾರ?” ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ನಕ್ಕ. “ಅಲ್ರೀ, ನಿಮ್ಮ ಡಬ್ಬಿ ಗ್ವಾಡಿ ಆಚಿಂದ ಮಂದೀನ ಕಂಡ ಹಿಡಿತೈತಂತಲ್ಲ. ನನ್ನ ಹೇಣ್ತಿಗೆ ಒಂದ ಕೊಡ್ರಿ, ನಾ ಯಾವ ಅಂಗಡ್ಯಾಗ ಅದೀನಿ ಅಂತ ಆಕಿ ಭಾಳ ಹುಡುಕ್ತಾಳ.”

ಗಂಡಸರು ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿಕೊಂಡು, ಮಕ್ಕಳನ್ನೂ ಕರೆದುಕೊಂಡು ಹೊರಗೆ ಹೋದರು. ಕಪ್ಪು ಗೆರೆ ಇಳಿಯುವುದಕ್ಕೆ ಅಷ್ಟು ಕಾರಣ ಸಿಕ್ಕಿತು. ಹೆಂಗಸರು? ವಠಾರದ ಉದ್ದಕ್ಕೂ ಬಾಗಿಲುಗಳು ಮುಚ್ಚಿದ್ದವು, ಚಿಲಕ ಹಾಕಿದ್ದವು. ಹೊಸ್ತಿಲುಗಳ ಮುಂದೆ ಏನೂ ಇರಲಿಲ್ಲ. ಕೊನೆಯದು ಸಿದ್ದಕ್ಕನ ಕೋಣೆ. ಅದರ ಹೊಸ್ತಿಲೂ ಬರಿದು, ಈಗಷ್ಟೇ ನೀರು ಹಾಕಿ ತೊಳೆದಿದ್ದರಿಂದ ಹೊಳೆಯುತ್ತಿತ್ತು. ಆ ಒದ್ದೆಯಲ್ಲಿ ಪಾದಗಳ ಗುರುತು. ಒಂದರ ಮೇಲೊಂದು, ದೊಡ್ಡವು, ಸಣ್ಣವು, ಎಲ್ಲವೂ ಒಳಮುಖ. ಚಪ್ಪಲಿಯನ್ನು ಬಚ್ಚಲು ಮನೆಯಲ್ಲೇ ಬಿಟ್ಟು ನೇರವಾಗಿ, ಬರಿಗಾಲಲ್ಲಿ ಬಂದವರು. ಅವನು ಗೋಡೆಯ ಬುಡದ ಕ್ಯಾಮರಾ ನೋಡಿದ. ಅದು ಅದೇ ಹೊಸ್ತಿಲನ್ನು ನೋಡುತ್ತ, ತನಗೆ ಹೇಳಿದ ವಸ್ತು ಕಾಣದೆ, ಸೊನ್ನೆ ಬರೆದುಕೊಳ್ಳುತ್ತಿತ್ತು.

ಒಳಗಿನಿಂದ ದನಿ ಬಂತು. ಹಾಡಲ್ಲ, ಓದೂ ಅಲ್ಲ. ಬಾಯಿಪಾಠವಾದದ್ದನ್ನು ಅವಸರವಿಲ್ಲದೆ ಒಂದೊಂದೇ ಸಾಲಾಗಿ ಕೆಳಗಿಡುವ ಹೆಣ್ಣುದನಿ. ಒಂದು ಸಾಲು ಮುಗಿದ ಮೇಲೆ ಅಷ್ಟೇ ಉದ್ದದ ಮೌನ. ಮತ್ತೊಂದು ಸಾಲು. ಅವನಿಗೆ ಪದಗಳು ಪೂರ್ತಿ ಕೇಳಿಸಲಿಲ್ಲ, ಆದರೆ ನಡೆ ಕೇಳಿಸಿತು, ಮತ್ತು ಬೆನ್ನು ತಾನಾಗಿ ನೆಟ್ಟಗಾಯಿತು. ತಾತ ಶ್ಯಾಮಣ್ಣ ಮಾಗಿಯ ಸಂಜೆಗಳಲ್ಲಿ ಆಂಜನೇಯನ ಗುಡಿಯಲ್ಲಿ ಪದ್ಯ ಓದುತ್ತಿದ್ದ. ಕೇಳುವವರು ಅಲುಗಬಾರದು. ಯಾರೂ ಹಾಗೆಂದು ಹೇಳಿಕೊಟ್ಟಿರಲಿಲ್ಲ. ಒಂದು ಸಲ ಚಿರಂಜೀವಿ ಮೀನಖಂಡದ ಮೇಲೆ ಕೂತ ಸೊಳ್ಳೆಯನ್ನು ಪಟ್ಟನೆ ಹೊಡೆದ, ತಾತ ಅರ್ಧ ಸಾಲಿಗೆ ನಿಂತುಬಿಟ್ಟ. ಅವನ ಕಡೆ ನೋಡಲಿಲ್ಲ, ದೀಪವನ್ನು ನೋಡುತ್ತ ಕಾದ. ಆ ಮೌನದಲ್ಲಿ ಗುಡಿಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಹುಡುಗನ ಕಡೆ ತಿರುಗಿದರು. ಕಾಲಿನ ಮೇಲೆ ಸತ್ತ ಸೊಳ್ಳೆ, ಅಂಗೈಯಲ್ಲಿ ಒಂದು ಚುಕ್ಕೆ ರಕ್ತ. ತಾತ ಪದ್ಯವನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡ. ಆಮೇಲೆ ಅವನು ಎಷ್ಟು ಅಲುಗದೆ ಕೂರುವುದನ್ನು ಕಲಿತನೆಂದರೆ ಇರುವೆಗಳು ಕಂಬ ಹತ್ತಿ ಇಳಿಯುವ ಹಾಗೆ ಅವನ ಮಂಡಿ ಹತ್ತಿ ಇಳಿದು ಹೋಗುತ್ತಿದ್ದವು. ಅರ್ಥ ತಿಳಿಯುತ್ತಿರಲಿಲ್ಲ. ಸಾಲು ಮುಗಿದ ಕಡೆ ಎಲ್ಲರ ಉಸಿರೂ ಒಟ್ಟಿಗೆ ಬಿಡುಗಡೆಯಾಗುತ್ತಿತ್ತು, ಅದಕ್ಕಾಗಿಯೇ ಅವನು ಕಾಯುತ್ತಿದ್ದ.

ಆ ಒಂದು ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಹಳೆಯ ಸೀರೆಯ ಪರದೆ ಇತ್ತು, ಬದಿಯಲ್ಲಿ ಒಂದು ಬೆರಳಿನಷ್ಟು ಸಂದು. ನೋಡಬಾರದಿತ್ತು. ನೋಡಿದ. ಒಂದೇ ದೀಪ. ಒದ್ದೆ ಕೂದಲು, ಹಣೆತುಂಬ ವಿಭೂತಿ, ಗೋಡೆಗೆ ಬೆನ್ನು ತಾಗಿಸದೆ ಕೂತ ಹೆಂಗಸರು. ಎಲ್ಲರೂ ಎಡಗೈಯನ್ನು ಎದೆಯೆತ್ತರಕ್ಕೆ ಹಿಡಿದಿದ್ದರು, ಅಂಗೈಯ ನಡುವೆ ಕಪ್ಪಗೆ ಮಿನುಗುವ ಲಿಂಗ, ಅದರ ಮೇಲೆ ನೆಟ್ಟ ಕಣ್ಣು. ಸಿದ್ದಕ್ಕ ನಡುವೆ ಕೂತಿದ್ದಳು, ತುಟಿ ಮಾತ್ರ ಆಡುತ್ತಿತ್ತು. ಬಸಕ್ಕ ಇದ್ದಳು, ಅವತ್ತು ಮಣೆ ತಂದುಕೊಟ್ಟ ರಾಣಿ ಇದ್ದಳು. ಅವನು ಎಣಿಸಲು ಶುರುಮಾಡಿದ. ಎಣಿಸುತ್ತಿದ್ದ ಹಾಗೆ, ಹಾಜರಿ ಹಿಡಿಯುವ ಮೇಸ್ತ್ರಿಯ ಕಣ್ಣು ತನ್ನ ಕಣ್ಣಿನೊಳಗೆ ಬಂದು ಕೂತ ಹಾಗಾಗಿ, ಲೆಕ್ಕ ತಪ್ಪಿತು. ಯಾವ ಅಂಗೈಯೂ ಅಲುಗುತ್ತಿರಲಿಲ್ಲ. ಮೇಲಿನ ತಾರಸಿಯಲ್ಲಿ ಹಸಿರು ದೀಪ ಈಗ ಆರಿರಬೇಕು.

ಮೇಲೆ ಬಂದು ನೋಡಿದರೆ ಆರಿತ್ತು. ಎರಡು ಗೆರೆಗಳೂ ನೆಲಕ್ಕಂಟಿ, ಒಂದಕ್ಕೊಂದು ಒಪ್ಪಿಕೊಂಡು ಮಲಗಿದ್ದವು. ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಇಡೀ ದಿನದಲ್ಲಿ ಇನ್ನೊಂದಿರಲಿಲ್ಲ, ಪ್ರಬಂಧದಲ್ಲಿ ಹೆಮ್ಮೆಯಿಂದ ಬಿಡಿಸಿಟ್ಟ ಜಾಗ ಇದೇ. ಅವನು ಕುರ್ಚಿಯ ಅಂಚಿಗೆ ಕೂತು ಇದನ್ನು ಮನಸ್ಸಿನಲ್ಲೇ ನಿಧಾನವಾಗಿ ಬಿಡಿಸಿ ನೋಡಿದ. ಬೇರೆ ಹೊತ್ತಿನಲ್ಲಿ ವಠಾರ ಪೂರ್ತಿ ಖಾಲಿಯಾಗುವುದೇ ಇಲ್ಲ. ಒಬ್ಬಳು ಬಾಣಂತಿ, ಒಬ್ಬ ಜ್ವರದವನು, ಯಾರಾದರೂ ಇದ್ದೇ ಇರುತ್ತಾರೆ. ಯಂತ್ರಕ್ಕೆ ‘ಖಾಲಿ’ ಎಂದು ತೋರಿಸಿದ ಪಾಠಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಈ ಹೊತ್ತಿನವು. ಅಂದರೆ ಯಂತ್ರ ನಿಜವಾದ ಖಾಲಿಯನ್ನು ಕಂಡೇ ಇರಲಿಲ್ಲ. ಯಾರೂ ಇಲ್ಲ ಎನ್ನುವುದು ಹೇಗಿರುತ್ತದೆ ಎಂದು ಅದು ಕಲಿತದ್ದು ಈ ಹೆಂಗಸರ ಮೈಗಳಿಂದ. ಚಪ್ಪಲಿ ಇಲ್ಲ ಎಂದು ಅವನು ಹೇಳಿಕೊಟ್ಟ, ಅದು ನಂಬಿತು, ಅವರ ಆಕಾರವನ್ನೇ ಖಾಲಿಯ ಆಕಾರವೆಂದು ಮನಸ್ಸಿನಲ್ಲಿಟ್ಟುಕೊಂಡಿತು. ಅವನಿಗೆ ಮೊದಲು ಬಂದದ್ದು ಹೆದರಿಕೆಯಲ್ಲ. ಇದನ್ನು ಯಾರಿಗಾದರೂ ತೋರಿಸಬೇಕು ಎನ್ನುವ, ಹುಡುಗರಿಗೆ ಹಕ್ಕಿಗೂಡು ಸಿಕ್ಕಾಗ ಆಗುವ ಉಮೇದು ಬಂತು, ಬಂದದ್ದಕ್ಕೆ ಹಿಂದೆಯೇ ನಾಚಿಕೆಯೂ ಬಂತು.

ಕಚ್ಚಾ ಅಲೆಯನ್ನು ತೆರೆದ, ಸೋಸುವುದಕ್ಕೆ ಮೊದಲಿನದು. ಅಲ್ಲಿ ನೆಲ ಸಪಾಟಾಗಿರಲಿಲ್ಲ. ಕೂದಲೆಳೆಯಷ್ಟು ಸಣ್ಣ ಏರಿಳಿತ. ಇದನ್ನು ಅವನು ಮೊದಲೇ ಕಂಡಿದ್ದ, ಫ್ಯಾನಿನ ಗದ್ದಲ ಎಂದು ಜರಡಿ ಹಿಡಿದು ತೆಗೆದು ಹಾಕಿದ್ದ. ಫ್ಯಾನು ಒಂದೇ ಸಮ ತಿರುಗುತ್ತದೆ. ಇದು ಹಾಗಿರಲಿಲ್ಲ. ಉದ್ದಕ್ಕೆ ಹೋಗಿ ನಿಲ್ಲುತ್ತಿತ್ತು, ಗಿಡ್ಡಕ್ಕೆ ಹೋಗಿ ನಿಲ್ಲುತ್ತಿತ್ತು, ನಿಂತಲ್ಲಿ ಎಲ್ಲ ಎಳೆಗಳೂ ಒಟ್ಟಿಗೆ ಒಂದು ದೊಡ್ಡ ಇಳಿಜಾರಾಗುತ್ತಿದ್ದವು. ಅವನು ಕಣ್ಣು ಮುಚ್ಚಿಕೊಂಡು, ಈಗಷ್ಟೇ ಕೇಳಿದ ನಡೆಯನ್ನು ತೊಡೆಯ ಮೇಲೆ ಬೆರಳಿನಿಂದ ತಟ್ಟಿದ. ಕಣ್ಣು ತೆರೆದ. ಅದೇ. ಸಿದ್ದಕ್ಕನ ಸಾಲು, ಸಾಲು ಮುಗಿದಾಗಿನ ಎಲ್ಲರ ಉಸಿರು, ಗೋಡೆ ದಾಟಿ, ಮೆಟ್ಟಿಲು ಹತ್ತಿ, ತಾರಸಿಗೆ ದಿನವೂ ಬರುತ್ತಿತ್ತು. ದಿನವೂ ಅವನು ಅದನ್ನು ಗುಡಿಸಿ ಎಸೆಯುತ್ತಿದ್ದ. ತುಂಬ ಹೊತ್ತು ಬೆರಳು ಆಡಿಸದೆ ಆ ಏರಿಳಿತ ನೋಡುತ್ತ ಕೂತ. ಅವರು ಏನು ಹೇಳಿಕೊಳ್ಳುತ್ತಿರಬಹುದು, ಯಾವ ಪದ, ಅದರ ಕೊನೆಯ ಸಾಲು ಹೇಗೆ ತಿರುಗುತ್ತದೆ ಎಂದು ತಿಳಿಯುವ ಆಸೆ ಹೊಟ್ಟೆಯಲ್ಲಿ ಹಸಿವಿನ ಹಾಗೆ ಎದ್ದಿತು.

ಹೇಳದೆಯೂ ಇರಬಹುದಿತ್ತು. ನಾಡಿದ್ದು ಬರುವವರು ಸಂಜೆ ಇದೇ ಕೋಣೆಯಲ್ಲಿ ಕೂರುತ್ತಾರೆ, ಎರಡು ಗೆರೆಗಳು ಒಟ್ಟಿಗೆ ಬೀಳುತ್ತವೆ, ಹಸಿರು ದೀಪ ಆರುತ್ತದೆ, ಅವರು ತಲೆದೂಗುತ್ತಾರೆ. ಕೆಳಗಿಳಿದು ಒದ್ದೆ ಹೊಸ್ತಿಲು ನೋಡುವವರು ಯಾರು? ಪೇಟೆ ಯಾವುದೆಂದು ಕೇಳಿದವರಿಗೆ ಒಂದು ಹೆಸರು ಹೇಳಿದರೆ ಮುಗಿಯಿತು, ಲಗ್ಗೆರೆ ಎಂದರೂ ನಂಬುತ್ತಾರೆ. ಫೋನು ಎತ್ತಿಕೊಂಡರೆ ಸಿಗ್ನಲ್ ಇರಲಿಲ್ಲ. ತನ್ನದೇ ಆಂಟೆನಾ ಮಲಗಿತ್ತಲ್ಲ. ನೀರಿನ ಟ್ಯಾಂಕಿನ ಏಣಿಗೆ ಕಾಲಿಟ್ಟ. ತುಕ್ಕು ಅಂಗೈಗೆ ಹತ್ತಿತು. ಬಾಡಿಗೆಯವರು ಹೀಗೆಯೇ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಲ್ಲಿ ಸೆರಗು ಹಿಡಿದು ಹತ್ತುತ್ತಿದ್ದರಲ್ಲ ಎಂದು ಆಗ ನೆನಪಾಯಿತು.

“ಹೇಳು ಚಿರು,” ಎಂದರು ಸುಮಂಗಲಾ ಮೇಡಂ. ಹಿಂದೆ ಕುಕ್ಕರಿನ ಸದ್ದು.

“ಮೇಡಂ, ಅವರು ಎಲ್ಲಿಗೂ ಹೋಗಲ್ಲ.”

“ಯಾರು?”

ಅವನು ಹೇಳಿದ. ಒದ್ದೆ ಹೊಸ್ತಿಲು, ಬರಿಗಾಲು, ಅಂಗೈ, ಫ್ಯಾನು ಎಂದು ತೆಗೆದು ಹಾಕಿದ ಉಸಿರು. ನಡುವೆ ಕುಕ್ಕರು ಒಂದು ಸಲ ಕೂಗಿ ಸುಮ್ಮನಾಯಿತು.

“ಅಂದ್ರೆ ಖಾಲಿ ಅನ್ನೋದನ್ನ ಅದು ಕಲಿತಿದ್ದೇ ಅವರನ್ನ ನೋಡಿ.”

“ಹೌದು ಮೇಡಂ.”

“ಎಂಥ ಚಂದದ ತಪ್ಪಯ್ಯ ಇದು.” ಅವರ ದನಿಯಲ್ಲಿ ತನ್ನದೇ ಉಮೇದನ್ನು ಕೇಳಿ ಅವನಿಗೆ ಒಂದು ಕ್ಷಣ ಸಮಾಧಾನವಾಯಿತು. ಆಮೇಲೆ ಆ ದನಿ ಇಳಿಯಿತು. “ಎಷ್ಟು ಜನ ಇದ್ರು?”

“ಸರಿಯಾಗಿ ಗೊತ್ತಿಲ್ಲ. ಸಂದಿನಲ್ಲಿ ನೋಡಿದೆ.”

“ಸಂದಿನಲ್ಲಿ.” ಅವರು ಒಲೆ ಆರಿಸಿದ ಸದ್ದು ಕೇಳಿತು. “ನೋಡು, ನಾಡಿದ್ದು ಇದನ್ನ ಮುಚ್ಚಿಟ್ಟು ತೋರಿಸೋಕೆ ನನ್ನ ಕೈಲಾಗಲ್ಲ. ನಿನ್ನ ಫೆಲೋಶಿಪ್ ಮುಂದುವರಿಸ್ಬೇಕಾ ಬೇಡ್ವಾ ಅಂತ ಅವತ್ತೇ ಬರೀತಾರೆ, ಅದೂ ನಿಂಗೆ ಗೊತ್ತು. ತಪ್ಪು ಸಿಕ್ಕಿದೆ, ಸರಿ ಮಾಡ್ತಿದ್ದೀವಿ ಅಂತ ತೋರಿಸಿದ್ರೆ ಉಳಿಯುತ್ತೆ. ಬರೀ ತಪ್ಪು ತೋರಿಸಿದ್ರೆ ಉಳಿಯಲ್ಲ. ನಾಳೆ ಒಂದು ಸಂಜೆಯ ನಿಜವಾದ ಲೆಕ್ಕ ಬೇಕು. ಒಳಗೆ ಕೂತು, ಯಾರು ಎಲ್ಲಿ ಕೂತಿದ್ದಾರೆ ಅಂತ ಕಣ್ಣಾರೆ ನೋಡಿ ಬರ್ಕೋಬೇಕು. ಇನ್ನೊಂದು ಚಪ್ಪಲಿ ನಂಗೆ ಬೇಡ.”

“ಸರಿ ಮೇಡಂ.”

“ಮತ್ತೆ ಕೇಳಿ ಹೋಗು. ನಿಮ್ಮಮ್ಮನ್ನ ಅಲ್ಲ, ಅವರನ್ನ.” ಅವರಿಗೆ ಅದು ಯಾವಾಗ ಗೊತ್ತಾಗಿತ್ತೋ. ಅವನು ಟ್ಯಾಂಕಿನ ಮೇಲೆ ನಿಂತೇ ತಲೆಯಾಡಿಸಿದ, ಫೋನಿನಲ್ಲಿ ಅದು ಕಾಣುವುದಿಲ್ಲ ಎನ್ನುವುದು ಮರೆತು.

ಇಳಿದು ಬರುವಷ್ಟರಲ್ಲಿ ಬಾಗಿಲುಗಳು ತೆರೆದಿದ್ದವು. ಒಂದೊಂದೇ ಕೋಣೆಯಲ್ಲಿ ಒಗ್ಗರಣೆಯ ಸದ್ದು, ರೊಟ್ಟಿ ಬಡಿಯುವ ಸದ್ದು, ಹೊಸ್ತಿಲುಗಳ ಮುಂದೆ ಮತ್ತೆ ಚಪ್ಪಲಿ. ಮೇಲೆ ಹಸಿರು ದೀಪ ಹತ್ತಿರಬೇಕು, ಯಾರದೋ ಫೋನು ಹಾಡಿತು. ಸಿದ್ದಕ್ಕ ಬಾಗಿಲಲ್ಲಿ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ವಿಭೂತಿ ಬೆವರಿಗೆ ಸ್ವಲ್ಪ ಕರಗಿತ್ತು. ಐವತ್ತರ ಆಚೀಚೆ, ಎದುರಿನ ಗೋಡೌನಿನಲ್ಲಿ ಪ್ಯಾಕಿಂಗು, ಬಾಕಿ ಹೆಂಗಸರೂ ಅಲ್ಲೇ. ಅವನನ್ನು ಕಂಡು ಮಣೆ ಸರಿಸಿದಳು.

“ಬರ್ರಿ ತಮ್ಮಾ. ಹೊರಗ ಯಾಕ ನಿಂತೀರಿ. ಆವಾಗೂ ನಿಂತಿದ್ರಿ, ನಾ ನೋಡಿದ್ನಿ.”

ಅವನಿಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಮಣೆಯ ಮೇಲೆ ಕೂತ. “ತಪ್ಪಾಯ್ತು ಸಿದ್ದಕ್ಕ. ನೀವೆಲ್ಲ ಎಲ್ಲಿಗೆ ಹೋಗ್ತೀರಿ ಅಂತ ಗೊತ್ತಿರಲಿಲ್ಲ.”

“ನಾವೆಲ್ಲಿ ಹೋಗೂಣ್ರಿ.” ಸೊಪ್ಪಿನಿಂದ ಕಣ್ಣೆತ್ತಲಿಲ್ಲ. “ನಿಮಗ ಒಂದ ಮಾತು ಹೇಳಬೇಕಂತ ಭಾಳ ದಿನದಿಂದ ಅದೀನಿ. ನೀವು ದೊಡ್ಡ ಉಪಕಾರ ಮಾಡೀರಿ. ಪೂಜಿ ಹೊತ್ತಿಗೆ ಸರಿಯಾಗಿ ಫೋನ ಸುಮ್ಮ ಮಾಡಸ್ತೀರಿ. ಹೇಳದ ತಿಳಕೊಂಡೀರಿ ಅಂತ ನಾವು ಮಾತಾಡಿಕೊಂತೀವಿ. ಬಸಕ್ಕ ಅಂತೂ ದಿನಾ ನಿಮ್ಮ ಹೆಸರಲೆ ಒಂದ ಬಿಲ್ವಪತ್ರಿ ಏರಸ್ತಾಳ.”

“ಅದನ್ನ ನಾನು ಮಾಡಿದ್ದಲ್ಲ,” ಎಂದ. “ಮಿಷನ್ನು ನಿಮ್ಮನ್ನ ಕಾಣದೆ ಹಾಗೆ ಮಾಡ್ತಿದೆ. ಒಳಗ್ಯಾರೂ ಇಲ್ಲ ಅಂತ ತಿಳ್ಕೊಂಡು ಮಲಗಿಬಿಡುತ್ತೆ.”

ಅವಳ ಕೈ ನಿಂತಿತು. “ನಮ್ಮನ್ನ?”

“ಹೌದು. ಚಪ್ಪಲಿ ನೋಡಿ ಲೆಕ್ಕ ಹಿಡಿಯೋ ಹಾಗೆ ಮಾಡಿದ್ದೆ. ನೀವು ಬರಿಗಾಲಲ್ಲಿ ಬರ್ತೀರಿ. ಆಮೇಲೆ ಯಾರೂ ಅಲುಗಲ್ಲ.”

ಅವಳು ನಕ್ಕಳು, ಬಾಯಿಗೆ ಸೆರಗು ಅಡ್ಡ ಹಿಡಿದು, ಭುಜ ಕುಣಿಯುವ ಹಾಗೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ರಾಣಿಯನ್ನು ಕರೆದು ಹೇಳಿದಳು. ಒಳಗಿಂದಲೂ ನಗು ಬಂತು. “ಅಷ್ಟ ಶಾಣ್ಯಾ ಡಬ್ಬಿ ಅಂತಿದ್ರು, ಮೆಟ್ಟು ನೋಡಿ ಮಂದಿ ಎಣಸ್ತೈತೇನು.” ಅವನೂ ನಕ್ಕ. ನಗುವಿನ ಮರೆಯಲ್ಲಿ ಕೇಳುವುದು ಸುಲಭವೆನ್ನಿಸಿ, ಕೇಳಿಬಿಟ್ಟ.

“ನಾಳೆ ಒಂದು ಸಂಜೆ ನಾನು ಒಳಗೆ ಕೂತ್ಕೊಳ್ಳಲಾ? ಮೂಲೇಲಿ. ಮಾತಾಡಲ್ಲ, ಅಲುಗಲ್ಲ, ನಂಗೆ ಅಭ್ಯಾಸ ಇದೆ. ಎಷ್ಟು ಜನ ಇದೀರಿ, ಎಲ್ಲೆಲ್ಲಿ ಕೂತಿದೀರಿ ಅಂತ ನೋಡಿ ಮಿಷನ್ನಿಗೆ ಹೇಳಿಕೊಡಬೇಕು. ಇಲ್ಲಿ ಜನ ಇದಾರೆ ಅಂತ.”

“ಹೇಳಿದ ಮ್ಯಾಲೆ?”

“ಆಮೇಲೆ ಅದಕ್ಕೆ ನೀವು ಗೊತ್ತಾಗ್ತೀರಿ.”

“ಮಲಗಾಂಗಿಲ್ಲ?”

“ಮಲಗಲ್ಲ.”

“ಫೋನ ಬರ್ತಾವು.”

“ಬರ್ತವೆ.”

ಸಿದ್ದಕ್ಕ ಮೆಂತ್ಯೆಯ ಕಡ್ಡಿಗಳನ್ನು ಒಂದು ಕಡೆ ಒಟ್ಟುಮಾಡಿದಳು. ನಗು ಮುಖದಿಂದ ಎಲ್ಲೂ ಹೋಗಿರಲಿಲ್ಲ, ಆದರೆ ಅದರ ಹಿಂದೆ ಏನೋ ನಿಂತಿತ್ತು. “ಬಾಲಾಜಿ ಅಂತ ನಮ್ಮ ಸೂಪರ್‌ವೈಜರ್ ಅದಾನ್ರಿ. ಸಂಜೀಕ ಲಾರಿ ಬಂದ್ವಂದ್ರ ಈ ಹೊತ್ತಿಗೇ ಫೋನ ಹಚ್ಚತಾನ. ಮೊದಲ ಹಂಗ ಆಗತಿತ್ತು. ಜಳಕಾ ಮಾಡಿ, ಲಿಂಗ ಅಂಗೈಗೆ ಬಂದಿರತಿತ್ತು, ಫೋನ ಬರತಿತ್ತು, ಎದ್ದ ಹೋಗತಿದ್ವಿ. ಹೋಗಲಿಲ್ಲಂದ್ರ ಮುಂಜಾನಿ ಗೇಟಿನ್ಯಾಗ ನಿಂದರಸ್ತಿದ್ದ, ಎಲ್ಲಾರ ಮುಂದ. ಈಗ ಅವಂಗ ಹೇಳೀವಿ, ನಮ್ಮ ವಠಾರಕ್ಕ ಸಿಗ್ನಲ್ ಇಲ್ಲ ಅಂತ. ಅವನ ಬಂದು ತನ್ನ ಫೋನ ಹಿಡದು ನೋಡಿ ಹೋದ. ನಂಬಿದ.”

“ಆ ಹೊತ್ತಿಗೆ ಫೋನು ಆಫ್ ಮಾಡಿಡಬಹುದಲ್ಲ ಸಿದ್ದಕ್ಕ?”

“ಆಫ್ ಮಾಡಿದ್ರ ನಾವು ಮಾಡಿದಂಗ ಆತು. ಸಿಗ್ನಲ್ ಇಲ್ಲಂದ್ರ ಯಾರೂ ಮಾಡಿದಂಗಲ್ಲ.” ಬಹಳ ಸಾದಾ ಸಂಗತಿಯನ್ನು ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. ಆಮೇಲೆ ಅವನ ಮುಖ ನೋಡಿದಳು. “ನಿಮ್ಮ ಓದಿಗೆ ಬೇಕನ್ರಿ ಇದು?”

ಬೇಕಿಲ್ಲ ಎನ್ನಬಹುದಿತ್ತು. “ಬೇಕು,” ಎಂದ. “ನಾಳೆ ಆಗದಿದ್ರೆ ನನ್ನ ಓದೇ ನಿಲ್ಲುತ್ತೆ.” ಹೇಳಿದ ಮೇಲೆ, ಇಷ್ಟು ಹೊತ್ತು ಕೇಳುತ್ತಿದ್ದದ್ದು ಅದಕ್ಕಾಗಿಯೋ, ಒಳಗೆ ಆ ಮೂಲೆಯಲ್ಲಿ ಕೂತು ಸಾಲುಗಳನ್ನು ಪೂರ್ತಿ ಕೇಳುವ ಆಸೆಗಾಗಿಯೋ ಎಂದು ತನಗೇ ಸ್ಪಷ್ಟವಾಗಲಿಲ್ಲ. ಎರಡರಲ್ಲಿ ಯಾವುದನ್ನು ಹೇಳಿದರೆ ಅವಳು ಒಪ್ಪಬಹುದು ಎಂದು ಮನಸ್ಸು ಆಗಲೇ ತೂಗಿ ನೋಡುತ್ತಿತ್ತು, ಅದನ್ನೂ ಅವನು ಕಂಡ. ಒಳಗೆ ರೊಟ್ಟಿಯ ಸದ್ದು ನಿಂತಿತ್ತು. ಪಕ್ಕದ ಬಾಗಿಲಲ್ಲಿ ಬಸಕ್ಕ ಬಂದು ನಿಂತಿದ್ದಳು, ಕೈಗೆ ಹಿಟ್ಟು. ತನ್ನ ಅಮ್ಮನ ಮನೆ, ತನ್ನ ಅಮ್ಮನ ಬಾಡಿಗೆದಾರರು. ತನಗೆ ಇಲ್ಲ ಎನ್ನುವುದು ಇವರಿಗೆ ಎಷ್ಟು ಕಷ್ಟವಿರಬೇಕು ಎಂದು ಹೊಳೆದು, ತಾನು ಕೇಳಿದ್ದೇ ತಪ್ಪಾಯಿತೇನೋ ಎಂದುಕೊಳ್ಳುವಷ್ಟರಲ್ಲಿ ಸಿದ್ದಕ್ಕ ಸೊಪ್ಪಿನ ಮೊರ ಎತ್ತಿಕೊಂಡು ಎದ್ದಳು. ಅವಳ ಕಣ್ಣಿನಲ್ಲಿ ಅವನ ಬಗ್ಗೆ ನಿಜವಾದ ಮರುಕವಿತ್ತು.

“ಇಲ್ಲ ತಮ್ಮಾ,” ಎಂದಳು. “ನಿಮ್ಮನ್ನ ಒಳಗ ನಾ ಬಿಡಾಂಗಿಲ್ಲ.”